ಹಾಡು ಆರಿಸುವ ಮುನ್ನ ಗಂಟಲು ಎಣಿಸಿ: ಗಾಯನವೃಂದ, ಬ್ಯಾಂಡ್ ನಡೆಸುವವರಿಗೆ ಒಂದು ಕೈಪಿಡಿ

ನಮ್ಮ ಅಭ್ಯಾಸದ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಕೆಳಗಿನ ಅರೆಯಲ್ಲಿ, ಒಂದು ಕಟ್ಟು ಇದೆ. ದುಡ್ಡು ಕೊಟ್ಟು ತರಿಸಿದ ಮೂವತ್ತು ಪ್ರತಿಗಳು. ಮೊದಲ ಎರಡು ಪುಟಗಳಲ್ಲಿ ಪೆನ್ಸಿಲ್ ಗುರುತುಗಳಿವೆ, ಮೂರನೆಯ ಪುಟದಿಂದ ಆಚೆಗೆ ಹೊಸದಾಗಿಯೇ ಉಳಿದಿದೆ. ಅದು ಎಂಟು ಧ್ವನಿಗಳ (ಒಂದೇ ಹೊತ್ತಿಗೆ ಎಂಟು ಬೇರೆ ಸಾಲು ಹಾಡುವ) ಕೃತಿ, ಆರಿಸಿದವನು ನಾನೇ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿ ಮರುಳಾಗಿದ್ದೆ. ನಮ್ಮಲ್ಲಿ ಆಗ ಇದ್ದದ್ದು ಗಂಡಸರ ಎತ್ತರದ ಧ್ವನಿಯ ಇಬ್ಬರು ಟೆನರ್‌ಗಳು, ಅವರಲ್ಲಿ ಒಬ್ಬರಿಗೆ ಪಾಳಿಯ ಕೆಲಸ. ಕೃತಿಯಲ್ಲಿ ಟೆನರ್ ಭಾಗವೇ ಎರಡು. ಮೂರು ವಾರ ಹೆಣಗಾಡಿದೆವು, ನಾಲ್ಕನೆಯ ವಾರ ಕಟ್ಟು ಕಪಾಟು ಸೇರಿತು.

ಅದಾದ ಮೇಲೆ ನಾನು ಹಾಡು ಆರಿಸುವ ಕ್ರಮವನ್ನೇ ತಿರುಗಿಸಿಕೊಂಡೆ. ಈಗ ಮೊದಲು ಜನ, ಆಮೇಲೆ ಸ್ವರಲಿಪಿಯ ಹಾಳೆ. ಚರ್ಚಿನ ಗಾಯನ ಮಂಡಳಿ, ಕಾಲೇಜಿನ ತಂಡ, ಶಾಲೆಯ ಬ್ಯಾಂಡ್, ಯಾವುದನ್ನು ನಡೆಸುತ್ತಿದ್ದರೂ ಈ ಕ್ರಮ ಹೊಂದುತ್ತದೆ.

ಗಂಟಲುಗಳ ಪಟ್ಟಿ

ವರ್ಷದ ಆರಂಭದಲ್ಲಿ ಪ್ರತಿಯೊಬ್ಬರಿಗೂ ಐದು ನಿಮಿಷ ಕೊಡಿ. ಬೇರೆಯವರ ಎದುರಿಗಲ್ಲ, ಒಬ್ಬೊಬ್ಬರನ್ನೇ ಕರೆದು. ಕೀಬೋರ್ಡ್ ಅಥವಾ ಹಾರ್ಮೋನಿಯಂ ಸಾಕು. ಅವರಿಗೆ ಹಾಯೆನಿಸುವ ಸ್ವರದಿಂದ ಸರಿಗಮಪ, ಪಮಗರಿಸ ಹಾಡಿಸಿ. ಪ್ರತಿ ಸಲ ಅರ್ಧ ಸ್ವರ ಏರಿಸುತ್ತ ಹೋಗಿ. ಹುಬ್ಬು ಮೇಲೇರಿ ಗದ್ದ ಮುಂದೆ ಬಂತೆಂದರೆ ನಿಲ್ಲಿಸಿ. ಮುಟ್ಟಿದ ಕೊನೆಯ ಸ್ವರವನ್ನು ಬರೆದುಕೊಳ್ಳಬೇಡಿ, ಅದಕ್ಕಿಂತ ಒಂದು ಪೂರ್ಣ ಸ್ವರ ಕೆಳಗಿನದನ್ನು ಬರೆದುಕೊಳ್ಳಿ. ವೇದಿಕೆಯ ದಿನ ಕೈಗೆ ಸಿಗುವುದು ಅದೇ. ಕೆಳಗಿನ ಕಡೆಗೂ ಹೀಗೆಯೇ ಅಳೆಯಿರಿ.

ಹವ್ಯಾಸಿ ತಂಡದಲ್ಲಿ ಸಾಮಾನ್ಯವಾಗಿ ಸಿಗುವ ಅಳತೆ ಹೀಗಿರುತ್ತದೆ. ಹೆಂಗಸರ ಎತ್ತರದ ಧ್ವನಿ ಸೊಪ್ರಾನೊ, ಕೀಬೋರ್ಡಿನ ನಡುವೆ ಇರುವ ಮಧ್ಯದ ಸಿ ಸ್ವರದಿಂದ ಒಂದೂವರೆ ಸ್ಥಾಯಿ ಮೇಲಿನ ಜಿವರೆಗೆ, ಚೆನ್ನಾಗಿ ಪಳಗಿದವರಾದರೆ ಎ ಸ್ವರದವರೆಗೆ. ಹೆಂಗಸರ ಕೆಳಗಿನ ಧ್ವನಿ ಆಲ್ಟೊ, ಮಧ್ಯದ ಸಿಗಿಂತ ಕೆಳಗಿನ ಜಿಯಿಂದ ಮೇಲಿನ ಸಿ ದಾಟಿ ಡಿವರೆಗೆ. ಟೆನರ್ ಮಧ್ಯದ ಸಿಗಿಂತ ಒಂದು ಸ್ಥಾಯಿ ಕೆಳಗಿನ ಸಿಯಿಂದ ಮಧ್ಯದ ಸಿಯ ಮೇಲಿನ ಎಫ್ ಅಥವಾ ಜಿವರೆಗೆ. ಗಂಡಸರ ಕೆಳಗಿನ ಧ್ವನಿ ಬಾಸ್, ಇನ್ನೂ ಕೆಳಗಿನ ಎಫ್‌ನಿಂದ ಮಧ್ಯದ ಸಿವರೆಗೆ. ಟೆನರ್ ಭಾಗ ಎತ್ತರದ ಸ್ವರಗಳ ಗುರುತಾದ ಟ್ರೆಬಲ್ ಕ್ಲೆಫ್‌ನಲ್ಲಿದ್ದು ಅದರ ಬಾಲಕ್ಕೆ ಒಂದು ಚಿಕ್ಕ 8 ಅಂಟಿಕೊಂಡಿದ್ದರೆ, ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡಬೇಕೆಂದು ಅರ್ಥ. ಇದು ಗೊತ್ತಿಲ್ಲದೆ ಹಾಳೆ ನೋಡಿದೊಡನೆ ಬೆವರಿದ ಹುಡುಗರನ್ನು ಕಂಡಿದ್ದೇನೆ.

ಪಟ್ಟಿ ಮುಗಿದಾಗ ಒಂದು ಸತ್ಯ ಎದುರು ಬಂದು ನಿಲ್ಲುತ್ತದೆ: ಟೆನರ್‌ಗಳು ಇಲ್ಲ. ಗಂಡಸರಲ್ಲಿ ಹೆಚ್ಚಿನವರು ಮಧ್ಯದ ಧ್ವನಿಯವರು, ಟೆನರ್‌ನ ಮೇಲಿನ ಸ್ವರಗಳೂ ಅವರಿಗೆ ಸಲ್ಲವು, ಬಾಸ್‌ನ ಕೆಳಗಿನವೂ ಸಲ್ಲವು. ಹೀಗಿರುವಾಗ ನಾಲ್ಕು ಧ್ವನಿಯ ಕೃತಿಯೇ ಆಗಬೇಕೆಂದು ಹಟ ಹಿಡಿಯಬೇಡಿ. ಸೊಪ್ರಾನೊ, ಆಲ್ಟೊ ಮತ್ತು ಗಂಡಸರಿಗೆಲ್ಲ ಸೇರಿ ಒಂದೇ ಭಾಗ, ಹೀಗೆ ಮೂರು ಧ್ವನಿಗೆ ಬರೆದ ಕೃತಿಗಳು ಬೇಕಾದಷ್ಟಿವೆ. ಆರು ಮಂದಿ ಗಂಡಸರನ್ನು ಮೂರು ಮೂರಾಗಿ ಒಡೆದು ಎರಡು ಸಣಕಲು ಸಾಲು ಮಾಡುವುದಕ್ಕಿಂತ, ಆರೂ ಜನ ಒಂದೇ ಸಾಲನ್ನು ಧೈರ್ಯವಾಗಿ ಹಾಡುವುದು ಎಷ್ಟೋ ಮೇಲು. ಗಂಟಲು ಒಡೆಯುತ್ತಿರುವ ಹುಡುಗರಿದ್ದರೆ ಅವರ ಪಟ್ಟಿಯನ್ನು ಎರಡು ತಿಂಗಳಿಗೊಮ್ಮೆ ತಿದ್ದಬೇಕಾಗುತ್ತದೆ. ಜೂನ್‌ನಲ್ಲಿ ಆಲ್ಟೊ ಆಗಿದ್ದವನು ಕ್ರಿಸ್‌ಮಸ್ ಹೊತ್ತಿಗೆ ಎಲ್ಲಿರುತ್ತಾನೋ ಅವನಿಗೇ ತಿಳಿಯದು.

ನಮ್ಮ ಸಂಗೀತದಲ್ಲಿ ಹಾಡು ಎಟುಕದಿದ್ದರೆ ಶ್ರುತಿ ಇಳಿಸುತ್ತೇವೆ, ಐದು ಮನೆಯಿಂದ ನಾಲ್ಕೂವರೆಗೆ. ವಾದ್ಯದ ಜೊತೆ ಇಲ್ಲದೆ ಹಾಡುವ ಗಾಯನವೃಂದಕ್ಕೂ ಇದು ಸಲ್ಲುತ್ತದೆ, ಅರ್ಧ ಸ್ವರ ಇಳಿಸಿ ಶುರು ಮಾಡಿದರೆ ಯಾರ ಅಪ್ಪಣೆಯೂ ಬೇಡ. ಆದರೆ ಅಲ್ಲಿ ಹಾಡುವವರು ನಾಲ್ಕು ಅಂತಸ್ತಿನಲ್ಲಿದ್ದಾರೆ ಎಂಬುದು ನೆನಪಿರಲಿ. ಮೇಲಿನವರಿಗೆ ಹಾಯೆನಿಸುವಷ್ಟು ಇಳಿಸಿದರೆ ಕೆಳಗಿನವರು ನೆಲಮಾಳಿಗೆಗೆ ಬೀಳುತ್ತಾರೆ.

ಬಾಯಿಬಿಡದೆ ಓದುವುದು

ಈಗ ಹಾಳೆ ಕೈಗೆತ್ತಿಕೊಳ್ಳಿ. ಧ್ವನಿಮುದ್ರಿಕೆ ಕೇಳಬೇಡಿ, ಅದು ಲಂಚ ಕೊಟ್ಟಂತೆ. ಮೊದಲು ಪ್ರತಿ ಭಾಗದ ಅತಿ ಎತ್ತರದ, ಅತಿ ಕೆಳಗಿನ ಸ್ವರಗಳಿಗೆ ಸುತ್ತು ಹಾಕಿ ನಿಮ್ಮ ಪಟ್ಟಿಯೊಂದಿಗೆ ಹೋಲಿಸಿ. ಆಮೇಲೆ ಅದಕ್ಕಿಂತ ಮುಖ್ಯವಾದ ಸಂಗತಿ: ಆ ಭಾಗ ಬಹುಪಾಲು ಹೊತ್ತು ಎಲ್ಲಿ ಓಡಾಡುತ್ತದೆ? ಸೊಪ್ರಾನೊ ಒಮ್ಮೆ ಮೇಲಿನ ಜಿಗೆ ಹಾರಿ ಕೆಳಗಿಳಿದರೆ ತೊಂದರೆಯಿಲ್ಲ. ಎರಡು ಪುಟ ಪೂರ್ತಿ ಇ, ಎಫ್‌ಗಳಲ್ಲೇ ನೇತಾಡುತ್ತಿದ್ದರೆ ಆ ಹಾಡು ಮುಗಿಯುವುದರೊಳಗೆ ಶ್ರುತಿ ಕುಸಿದಿರುತ್ತದೆ.

ಮುಂದೆ ಉಸಿರು. ಒಂದು ವಾಕ್ಯವನ್ನು ಕೃತಿಯ ವೇಗದಲ್ಲಿ ಮನಸ್ಸಿನಲ್ಲೇ ಹಾಡುತ್ತ ನಿಮ್ಮ ಉಸಿರು ಹಿಡಿದು ನೋಡಿ. ನಿಮಗೇ ಸಾಲದಿದ್ದರೆ ಹಿಂದಿನ ಸಾಲಿನ ಅಜ್ಜಿಗೆ ಸಾಲುವುದೇ? ಧ್ವನಿಭಾಗಗಳು ಎಲ್ಲೆಲ್ಲಿ ಎರಡಾಗಿ ಒಡೆಯುತ್ತವೆ, ಎಲ್ಲಿ ಶ್ರುತಿ ಬದಲಾಗುತ್ತದೆ, ಪಿಯಾನೊ ನುಡಿಸುವವರು ಹಾಡುವವರ ಸ್ವರಕ್ಕೆ ಆಸರೆ ಕೊಡುತ್ತಾರೋ ಅಥವಾ ತಮ್ಮ ಪಾಡಿಗೆ ತಾವು ಬೇರೇನೋ ನುಡಿಸುತ್ತಿರುತ್ತಾರೋ, ಇದನ್ನೆಲ್ಲ ಗುರುತಿಸಿ.

ನನ್ನ ಕೊನೆಯ ಪರೀಕ್ಷೆ ಆಲ್ಟೊ ಪರೀಕ್ಷೆ. ಆಲ್ಟೊ ಭಾಗವೊಂದನ್ನೇ ಆರಂಭದಿಂದ ಕೊನೆಯವರೆಗೆ ಹಾಡಿಕೊಳ್ಳುತ್ತೇನೆ. ಹದಿನಾರು ಬಾರ್ (ತಾಳದ ಆವರ್ತದಂತೆ ಎಣಿಸುವ ಮನೆಗಳು) ಒಂದೇ ಸ್ವರ ಗೊಣಗುವಂತಿದ್ದರೆ ಆ ಹಾಡಿಗೆ ನಮಸ್ಕಾರ. ಸೊಪ್ರಾನೊ ರಾಗದಲ್ಲಿ ಮೈಮರೆತು ಆರಿಸಿದ ಹಾಡನ್ನು ಮೂರು ತಿಂಗಳು ಹಾಡಬೇಕಾದವರು ಆಲ್ಟೊಗಳು. ಬೇಸರ ಬಂದರೆ ಅವರು ಮಾತಿಗೆ ಶುರುವಿಡುತ್ತಾರೆ, ತಪ್ಪು ಅವರದಲ್ಲ.

ಒಂದು ಉದಾಹರಣೆ: 46 ಬಾರ್‌ಗಳ ಮೊಜಾರ್ಟ್

ನಾಲ್ಕೂ ಧ್ವನಿ ಇರುವ, ಒಂದೆರಡು ವರ್ಷ ಒಟ್ಟಿಗೆ ಹಾಡಿದ ತಂಡಕ್ಕೆ ನಾನು ಕಣ್ಣುಮುಚ್ಚಿ ಸೂಚಿಸುವುದು ಮೊಜಾರ್ಟ್‌ನ ಲ್ಯಾಟಿನ್ ಸ್ತುತಿಗೀತೆ ‘ಆವೆ ವೇರುಮ್ ಕೊರ್ಪುಸ್’. 1791ರ ಜೂನ್‌ನಲ್ಲಿ, ಸಾಯುವ ಆರು ತಿಂಗಳ ಮೊದಲು, ವಿಯೆನ್ನಾ ಬಳಿಯ ಬಾಡೆನ್ ಊರಿನ ಚರ್ಚಿನಲ್ಲಿ ಹಾಡಿಸುತ್ತಿದ್ದ ಆಂಟನ್ ಸ್ಟಾಲ್ ಎಂಬ ಗೆಳೆಯನಿಗಾಗಿ ಬರೆದದ್ದು. ಚಿಕ್ಕ ಊರಿನ ಗಾಯನವೃಂದಕ್ಕೆ ಬರೆದದ್ದು ಎಂಬುದೇ ಅದರ ಗುಟ್ಟು. ಒಟ್ಟು 46 ಬಾರ್, ಹಾಡಲು ಸುಮಾರು ಮೂರು ನಿಮಿಷ. ಯಾವ ಭಾಗವೂ ಒಡೆಯುವುದಿಲ್ಲ, ತಂತಿವಾದ್ಯ ಮತ್ತು ಆರ್ಗನ್ ಬದಲು ಒಂದು ಕೀಬೋರ್ಡ್ ಇದ್ದರೂ ನಡೆಯುತ್ತದೆ.

ಹಾಗೆಂದು ಸುಲಭವೇ? ಸ್ವರಗಳು ಸುಲಭ, ಹಾಡು ಕಷ್ಟ. ಡಿ ಮೇಜರ್‌ನಲ್ಲಿ, ಅಂದರೆ ಡಿ ಸ್ವರವೇ ಷಡ್ಜವಾಗಿ, ಶುರುವಾಗಿ ಎ ಮೇಜರ್‌ಗೆ ಸಲೀಸಾಗಿ ಸಾಗುತ್ತದೆ. ಆಮೇಲೆ ‘ಉಂದಾ ಫ್ಲುಕ್ಸಿತ್’ ಎಂಬಲ್ಲಿ ಎಫ್ ಮೇಜರ್‌ನತ್ತ ಜಾರುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಶಂಕರಾಭರಣದಲ್ಲಿ ಹಾಡುತ್ತಿದ್ದಾಗ ಯಾರೋ ಮೆಲ್ಲಗೆ ಷಡ್ಜವನ್ನೇ ಬೇರೆ ಮನೆಗೆ ಸರಿಸಿದಂತೆ. ತಂಡ ತಡಬಡಾಯಿಸುವುದು ಅಲ್ಲಿಯೇ. ಮುಂದೆ ‘ಎಸ್ತೋ ನೋಬಿಸ್’ ಎಂದು ಹೆಂಗಸರು ಮೊದಲು ಎತ್ತಿಕೊಳ್ಳುತ್ತಾರೆ, ಅದೇ ಮಾತನ್ನು ಗಂಡಸರು ಬೆನ್ನಟ್ಟಿ ಹಾಡುತ್ತಾರೆ. ಕೊನೆಯ ‘ಇನ್ ಮೋರ್ತಿಸ್’ ಎಳೆತ ಉಸಿರನ್ನು ಪರೀಕ್ಷಿಸುತ್ತದೆ. ಅಂದರೆ ಕಲಿಯಲು ನಿಜವಾಗಿ ಕಷ್ಟವಿರುವುದು ಮೂರೇ ಕಡೆ, ಉಳಿದದ್ದು ತಾನೇ ಬರುತ್ತದೆ. ಒಳ್ಳೆಯ ಆಯ್ಕೆ ಎಂದರೆ ಇದೇ: ಕಷ್ಟದ ಜಾಗಗಳನ್ನು ಬೆರಳು ಮಡಿಚಿ ಎಣಿಸಲು ಸಾಧ್ಯವಾಗಬೇಕು. ಹತ್ತು ಬೆರಳೂ ಸಾಲದ ಕೃತಿಯನ್ನು ಮುಂದಿನ ವರ್ಷಕ್ಕೆ ಇಡಿ.

ಕನ್ನಡದ ಸಾಹಿತ್ಯವಾದರೆ

ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು ನೆಲೆಸಿದ ಮೇಲೆ ಯುರೋಪಿನ ಸ್ತುತಿಗೀತೆಗಳ ರಾಗಕ್ಕೆ ಕನ್ನಡದ ಮಾತು ಹೊಂದಿಸುವ ಕೆಲಸ ಶುರುವಾಯಿತು, ಇಂದಿಗೂ ನಿಂತಿಲ್ಲ. ಅನುವಾದದ ಹಾಡನ್ನು ಆರಿಸುವಾಗ ಅರ್ಥವನ್ನಷ್ಟೇ ನೋಡಿದರೆ ಸಾಲದು, ಹ್ರಸ್ವ ದೀರ್ಘಗಳನ್ನು ನೋಡಲೇಬೇಕು. ಇಂಗ್ಲಿಷಿನಲ್ಲಿ ಸ್ವರವನ್ನು ಎಷ್ಟು ಎಳೆದರೂ ಪದ ಬದಲಾಗುವುದು ಅಪರೂಪ. ಕನ್ನಡದಲ್ಲಿ ಎಳೆದರೆ ಅನರ್ಥ.

ಒಂದು ಅನುವಾದದಲ್ಲಿ ‘ನಿನ್ನ ಬಲ ನಮಗಿರಲಿ’ ಎಂಬ ಸಾಲಿತ್ತು. ‘ಬ’ ಅಕ್ಷರದ ಮೇಲೆ ಎರಡು ಎಣಿಕೆಯ ಸ್ವರ. ಹಾಡಿದಾಗ ಕೇಳಿಸಿದ್ದು ‘ನಿನ್ನ ಬಾಲ ನಮಗಿರಲಿ’. ಎರಡನೆಯ ಬೆಂಚಿನ ಹುಡುಗಿಯರು ಮುಖ ಮುಚ್ಚಿಕೊಂಡರು, ಆಮೇಲೆ ಆ ಸಾಲು ಬಂದಾಗಲೆಲ್ಲ ನಗು. ಕೊನೆಗೆ ‘ನಿನ್ನ ತೋಳು ನಮಗಿರಲಿ’ ಎಂದು ಬದಲಾಯಿಸಿದೆವು. ಅಕ್ಷರ ಎರಡೇ, ಮೊದಲನೆಯದು ಗುರು, ಅರ್ಥವೂ ಕೆಡಲಿಲ್ಲ.

ಶಾಲೆಯಲ್ಲಿ ಛಂದಸ್ಸಿಗೆ ಪ್ರಸ್ತಾರ ಹಾಕುತ್ತಿದ್ದಿರಲ್ಲ, ಅದನ್ನೇ ಇಲ್ಲಿಯೂ ಮಾಡಿ. ಸಾಹಿತ್ಯದ ಮೇಲೆ ಲಘು ಗುರು ಗುರುತು ಹಾಕಿ, ಕೆಳಗೆ ಸ್ವರದ ಉದ್ದ ಬರೆಯಿರಿ. ಲಘುವಿನ ಮೇಲೆ ಉದ್ದ ಸ್ವರ ಬಂದ ಕಡೆಯೆಲ್ಲ ಗಟ್ಟಿಯಾಗಿ ಹಾಡಿ ನೋಡಿ. ಎಲ್ಲವೂ ನಗೆಪಾಟಲಾಗುವುದಿಲ್ಲ. ಆದರೆ ಯಾವುದು ಆಗುತ್ತದೆ ಎಂಬುದು ಮೊದಲು ನಿಮಗೆ ಗೊತ್ತಾಗಲಿ, ಸಭೆಗಲ್ಲ.

ಒತ್ತಕ್ಷರಗಳಿಗೂ ಒಂದು ಒಪ್ಪಂದ ಬೇಕು. ‘ಶಕ್ತಿ’ಯನ್ನು ಮೂರು ಎಣಿಕೆ ಎಳೆಯುವಾಗ ಒಬ್ಬರು ಎರಡನೆಯ ಎಣಿಕೆಗೇ ‘ಕ್’ ಎಂದು ಬಾಯಿ ಮುಚ್ಚಿದರೆ, ಇನ್ನೊಬ್ಬರು ಮೂರರ ತನಕ ತೆರೆದಿರುತ್ತಾರೆ. ಕೇಳುವವರಿಗೆ ಜೋಳ ಹುರಿದಂತೆ ಪಟಪಟ ಸದ್ದು. ಸ್ವರಾಕ್ಷರವನ್ನು ಪೂರ್ತಿ ಎಳೆದು ವ್ಯಂಜನಗಳೆರಡನ್ನೂ ಮುಂದಿನ ಎಣಿಕೆಯ ಹೊಸ್ತಿಲಲ್ಲಿ ಇಡಬೇಕು ಎಂದು ಮೊದಲ ದಿನವೇ ಹೇಳಿಬಿಡಿ.

ಹಾಳೆ ಎಲ್ಲಿಂದ, ಕಾನೂನು ಏನು

ಭಾರತದ ಹಕ್ಕುಸ್ವಾಮ್ಯ ಕಾಯ್ದೆ (1957) ಪ್ರಕಾರ ಸಂಗೀತ ಕೃತಿಯ ಹಕ್ಕು ಕರ್ತೃ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಅದು 70 ವರ್ಷ. 1958ರಲ್ಲಿ ತೀರಿಕೊಂಡ ಇಂಗ್ಲಿಷ್ ಸಂಗೀತಕಾರ ವಾನ್ ವಿಲಿಯಮ್ಸ್ ಅವರ ಕೃತಿಗಳು ನಮ್ಮಲ್ಲಿ 2019ರಿಂದಲೇ ಮುಕ್ತ, ಅವರ ಊರಿನಲ್ಲಿ 2028 ಮುಗಿಯಬೇಕು. ಆದರೆ ಕೃತಿ ಹಳೆಯದಾದರೂ ಅದನ್ನು ಹೊಸದಾಗಿ ಜೋಡಿಸಿಕೊಟ್ಟವರ ಹಕ್ಕು ಬೇರೆ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿದ ಹ್ಯಾಂಡೆಲ್‌ನ ‘ಮೆಸಾಯ’ ಯಾರಪ್ಪನ ಸ್ವತ್ತೂ ಅಲ್ಲ. ಅದನ್ನು ಮೂರು ಧ್ವನಿಗೆ ಇಳಿಸಿ ಹತ್ತು ವರ್ಷದ ಹಿಂದೆ ಅಚ್ಚು ಹಾಕಿದವರ ಪುಸ್ತಕ ಅವರ ಸ್ವತ್ತೇ.

ಹವ್ಯಾಸಿ ತಂಡಗಳಿಗೆ ಕಾಯ್ದೆಯ 52ನೆಯ ಸೆಕ್ಷನ್‌ನಲ್ಲಿ ರಿಯಾಯಿತಿಯಿದೆ. ಟಿಕೆಟ್ ಇಲ್ಲದ ಸಭೆಗಾಗಲಿ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಲಿ ಹವ್ಯಾಸಿ ತಂಡ ಹಾಡಿದರೆ ಅದು ಉಲ್ಲಂಘನೆಯಲ್ಲ. ಗಮನಿಸಿ, ರಿಯಾಯಿತಿ ಇರುವುದು ಹಾಡುವುದಕ್ಕೆ. ಒಂದು ಪ್ರತಿ ಕೊಂಡು ಮೂವತ್ತು ಜೆರಾಕ್ಸ್ ಮಾಡಿಸುವುದಕ್ಕಲ್ಲ.

ಮುಕ್ತ ಕೃತಿಗಳಿಗೆ ಅಂತರ್ಜಾಲದಲ್ಲಿ ಎರಡು ದೊಡ್ಡ ಉಗ್ರಾಣಗಳಿವೆ. 1998ರಲ್ಲಿ ಶುರುವಾದ ಕೋರಲ್ ಪಬ್ಲಿಕ್ ಡೊಮೈನ್ ಲೈಬ್ರರಿ ಗಾಯನಕ್ಕೆ, 2006ರ ಐಎಂಎಸ್‌ಎಲ್‌ಪಿ ಎಲ್ಲದಕ್ಕೂ. ಮೊದಲನೆಯದರಲ್ಲಿ ಹಾಳೆಗಳನ್ನು ಹವ್ಯಾಸಿಗಳೇ ಟೈಪ್ ಮಾಡಿರುವುದರಿಂದ ಅಲ್ಲಲ್ಲಿ ತಪ್ಪುಗಳಿರುತ್ತವೆ. ಒಮ್ಮೆ ಪಿಯಾನೊದಲ್ಲಿ ನುಡಿಸಿ ನೋಡದೆ ಪ್ರತಿ ತೆಗೆಯಬೇಡಿ. ಕೊಳ್ಳುವ ಪಿಡಿಎಫ್ ಆದರೆ ಎಷ್ಟು ಪ್ರತಿಗೆ ಅನುಮತಿ ಎಂಬುದು ಅದರ ಮೇಲೆಯೇ ಅಚ್ಚಾಗಿರುತ್ತದೆ, ಓದಿ. ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ಬರೆಯುವ ತಂತ್ರಾಂಶ ಉಚಿತ. ಶ್ರುತಿ ಬದಲಿಸಲು, ಒಂದೊಂದು ಧ್ವನಿಯನ್ನೇ ಜೋರಾಗಿಸಿ ಕಲಿಕೆಯ ಧ್ವನಿಕಡತ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಅದರಷ್ಟು ಉಪಕಾರಿ ಬೇರೊಂದಿಲ್ಲ.

ಬ್ಯಾಂಡಿನ ಲೆಕ್ಕಾಚಾರ ಬೇರೆ

ಮೈಸೂರಿನ ದಸರಾದಲ್ಲಿ ಪೊಲೀಸ್ ಬ್ಯಾಂಡ್ ಕೇಳಿದವರಿಗೆ ಊದುವಾದ್ಯಗಳ ದೊಡ್ಡ ಮೇಳ ಹೇಗಿರುತ್ತದೆಂದು ಗೊತ್ತು. ನಮ್ಮ ಹೆಚ್ಚಿನ ಶಾಲೆಗಳ ಬ್ಯಾಂಡ್ ಎಂದರೆ ಡ್ರಮ್ಮು, ಕೊಳಲು, ಒಂದಿಷ್ಟು ಬ್ಯೂಗಲ್. ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್, ಯೂಫೋನಿಯಮ್ ಸೇರಿ ಪೂರ್ಣ ಬ್ಯಾಂಡ್ ಕಟ್ಟುತ್ತಿರುವವರಿಗೆ ಈ ಮಾತುಗಳು.

ಪ್ರಕಾಶಕರು ಕೃತಿಗಳಿಗೆ ಸುಲಭದಿಂದ ಕಷ್ಟಕ್ಕೆ 1ರಿಂದ 6ರವರೆಗೆ ದರ್ಜೆ ಹಾಕುತ್ತಾರೆ. ನಿಮ್ಮ ಅತ್ಯುತ್ತಮ ವಾದಕ ಯಾವ ದರ್ಜೆಯವನು ಎಂದು ನೋಡಬೇಡಿ, ಮೂರನೆಯ ಕ್ಲಾರಿನೆಟ್ ಹಿಡಿದು ಕೊನೆಯ ಕುರ್ಚಿಯಲ್ಲಿ ಕುಳಿತವನನ್ನು ನೋಡಿ ಆರಿಸಿ. ಪ್ರಕಾಶಕರ ದರ್ಜೆಯನ್ನೂ ಪೂರ್ತಿ ನಂಬಬೇಡಿ. ಬೆರಳಿಗೆ ಸುಲಭವಾಗಿದ್ದು ಲಯಕ್ಕೆ ಕಷ್ಟವಾದದ್ದು ಇರುತ್ತದೆ, ಎಲ್ಲರಿಗೂ ಸುಲಭವಾಗಿದ್ದು ಹಾರ್ನ್ ನುಡಿಸುವವರ ತುಟಿ ಹರಿಯುವಂಥದ್ದೂ ಇರುತ್ತದೆ.

ನಂತರ ವಾದ್ಯಗಳ ಪಟ್ಟಿ. ಓಬೊ, ಬಸ್ಸೂನ್ ನಮ್ಮಲ್ಲಿ ಅಪರೂಪ. ಅವುಗಳ ಒಂಟಿ ಸಾಲನ್ನು ಬೇರೆ ವಾದ್ಯದ ಹಾಳೆಯಲ್ಲೂ ಚಿಕ್ಕ ಅಕ್ಷರದಲ್ಲಿ ಬರೆದಿದ್ದಾರೆಯೇ ನೋಡಿ. ಬರೆದಿದ್ದರೆ ಆ ಕೃತಿ ತೆಗೆದುಕೊಳ್ಳಬಹುದು. ಈ ವಿಷಯದಲ್ಲಿ ಇಂಗ್ಲಿಷ್ ಸಂಗೀತಕಾರ ಗುಸ್ತಾವ್ ಹೋಲ್ಸ್ಟ್ ಮಹಾ ದಯಾಳು. 1909ರಲ್ಲಿ ಬ್ಯಾಂಡಿಗೆ ಬರೆದ, ಬಿಡಿ ತುಣುಕುಗಳ ಮಾಲೆಯಾದ ಮೊದಲ ಸ್ವೀಟ್‌ನ ಹಸ್ತಪ್ರತಿಯಲ್ಲಿ 19 ಭಾಗಗಳು ಬೇಕೇಬೇಕು, ಉಳಿದ 17 ಇದ್ದರೆ ಸರಿ, ಇಲ್ಲದಿದ್ದರೂ ಸರಿ ಎಂದು ಗುರುತು ಹಾಕಿದ್ದ. ಯಾವ ಬ್ಯಾಂಡಿನಲ್ಲಿ ಯಾವ ವಾದ್ಯ ಇರುತ್ತದೋ ಇಲ್ಲವೋ ಎಂಬ ಚಿಂತೆ ನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲೂ ಇತ್ತು. ಹೋಲ್ಸ್ಟ್ ತೀರಿಕೊಂಡದ್ದು 1934ರಲ್ಲಿ, ಆದ್ದರಿಂದ ಕೃತಿ ನಮ್ಮಲ್ಲಿ ಮುಕ್ತ. ಮೊದಲ ಭಾಗವನ್ನು ಟ್ಯೂಬಾ, ಯೂಫೋನಿಯಮ್‌ಗಳು ತಾವೇ ಎತ್ತಿಕೊಳ್ಳುತ್ತವೆ. ವರ್ಷವಿಡೀ ‘ಊಂ ಊಂ’ ಎಂದು ತಾಳ ಹಿಡಿದು ಬೇಸತ್ತವರಿಗೆ ಹಬ್ಬ.

ಊದುವಾದ್ಯಗಳ ಇನ್ನೊಂದು ತಂಟೆ ಎಂದರೆ ಒಂದೇ ಸ್ವರಕ್ಕೆ ಒಬ್ಬೊಬ್ಬರ ಹಾಳೆಯಲ್ಲಿ ಒಂದೊಂದು ಹೆಸರು. ಎಲ್ಲರೂ ಬಿ ಫ್ಲ್ಯಾಟ್ (ಬಿಗಿಂತ ಅರ್ಧ ಸ್ವರ ಕೆಳಗಿನದು) ಕೊಡಿ ಎಂದರೆ ಕೊಳಲು, ಟ್ರಾಂಬೋನ್, ಟ್ಯೂಬಾದವರು ಬಿ ಫ್ಲ್ಯಾಟ್ ಊದುತ್ತಾರೆ, ಕ್ಲಾರಿನೆಟ್ ಮತ್ತು ಟ್ರಂಪೆಟ್‌ನವರು ಸಿ ಹಿಡಿಯಬೇಕು, ಆಲ್ಟೊ ಸ್ಯಾಕ್ಸೊಫೋನ್‌ನವರು ಜಿ, ಹಾರ್ನ್‌ನವರು ಎಫ್. ಈ ನಾಲ್ಕು ಸಾಲನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ಇದರ ಪರಿಣಾಮ ಕಾಣುವುದು ಗಾಯನವೃಂದ ಮತ್ತು ಬ್ಯಾಂಡ್ ಜೊತೆಯಾಗಿ ನಿಂತಾಗ. ಸ್ತುತಿಗೀತೆ ಪುಸ್ತಕದಲ್ಲಿ ಇ ಮೇಜರ್‌ನಲ್ಲಿದೆ ಎಂದುಕೊಳ್ಳಿ. ಹಾಡುವವರಿಗೆ ಏನೂ ಅನಿಸದು. ಕ್ಲಾರಿನೆಟ್‌ನವನ ಹಾಳೆಯಲ್ಲಿ ಅದು ಆರು ಶಾರ್ಪ್ (ಅರ್ಧ ಸ್ವರ ಏರಿಸುವ ಗುರುತು) ಆಗುತ್ತದೆ, ಆಲ್ಟೊ ಸ್ಯಾಕ್ಸೊಫೋನ್‌ನವನಿಗೆ ಏಳು. ಮಕ್ಕಳು ಅಳುತ್ತಾರೆ. ಅರ್ಧ ಸ್ವರ ಇಳಿಸಿ ಇ ಫ್ಲ್ಯಾಟ್ ಮಾಡಿ: ಕ್ಲಾರಿನೆಟ್‌ಗೆ ಒಂದೇ ಫ್ಲ್ಯಾಟ್, ಸ್ಯಾಕ್ಸೊಫೋನ್‌ಗೆ ಏನೂ ಇಲ್ಲ, ಸೊಪ್ರಾನೊಗಳಿಗೂ ಸಮಾಧಾನ. ಸಭೆಯಲ್ಲಿ ಒಬ್ಬರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ತಾಲೀಮು

ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ಎಂಟು ವಾರ ಇದೆ ಎಂದಿಟ್ಟುಕೊಳ್ಳೋಣ. ಮೊದಲ ಅಭ್ಯಾಸಕ್ಕೆ ಮುನ್ನ ಹಾಡಿಸುವವರ ಮನೆಗೆಲಸ ಮುಗಿದಿರಬೇಕು. ಬಾರ್‌ಗಳಿಗೆ ಸಂಖ್ಯೆ, ಉಸಿರಿನ ಗುರುತು, ಲಯ ಎಣಿಸುವ ಮೆಟ್ರೋನೋಮ್ ಹಿಡಿದು ನಿಗದಿ ಮಾಡಿದ ವೇಗ. ಪ್ರತಿಯೊಬ್ಬರಿಗೂ ಪೆನ್ಸಿಲ್. ಪೆನ್ನು ತಂದವರನ್ನು ನಾನು ವಾಪಸು ಕಳುಹಿಸಿದ್ದೂ ಉಂಟು.

ದೊಡ್ಡ ತಪ್ಪು ಎಂದರೆ ಪ್ರತಿ ವಾರವೂ ಮೊದಲ ಬಾರ್‌ನಿಂದ ಶುರು ಮಾಡುವುದು. ಹಾಗೆ ಮಾಡಿದರೆ ಎಂಟನೆಯ ವಾರ ಮೊದಲ ಪುಟವನ್ನು ನೂರು ಸಲ ಹಾಡಿರುತ್ತೀರಿ, ಕೊನೆಯ ಪುಟವನ್ನು ಐದು ಸಲ. ಸಭಿಕರ ಕಿವಿಯಲ್ಲಿ ಉಳಿಯುವುದೋ ಆ ಕೊನೆಯ ಪುಟ. ನಾನು ಹಿಂದಿನಿಂದ ಮುಂದಕ್ಕೆ ಬರುತ್ತೇನೆ. ಮೊಜಾರ್ಟ್‌ನಲ್ಲಿ ಮೊದಲ ವಾರ ಕೊನೆಯ ‘ಇನ್ ಮೋರ್ತಿಸ್’, ಎರಡನೆಯ ವಾರ ‘ಎಸ್ತೋ ನೋಬಿಸ್’ನಿಂದ ಕೊನೆಯವರೆಗೆ, ಮೂರನೆಯ ವಾರ ಶ್ರುತಿ ಜಾರುವ ಜಾಗ. ಪ್ರತಿ ಸಲವೂ ಹೊಸದರಿಂದ ಗೊತ್ತಿರುವುದರತ್ತ ಹಾಡುತ್ತ ಹೋಗುವುದರಿಂದ ಹೊಸ್ತಿಲು ದಾಟಿದ ಮೇಲೆ ಮನೆ ಸಿಕ್ಕಂತೆ ಧೈರ್ಯ ಹೆಚ್ಚುತ್ತದೆ.

ಆ ಜಾರುವ ಜಾಗವನ್ನು ಹೇಗೆ ಕಲಿಸುವುದು? ಮೊದಲು ಮಾತು ಬಿಟ್ಟು ಬರೀ ‘ನೂ’ ಎಂದು, ಅರ್ಧ ವೇಗದಲ್ಲಿ. ಬಾಸ್‌ಗಳು ಮಾತ್ರ ಹಾಡಲಿ, ಉಳಿದವರು ಕಣ್ಣಿನಲ್ಲಿ ತಮ್ಮ ಸಾಲು ಹಿಂಬಾಲಿಸಲಿ. ಬಾಸ್ ಜೊತೆಗೆ ಸೊಪ್ರಾನೊ ಸೇರಿಸಿ. ಅವೆರಡು ಗೋಡೆ ನಿಂತವೆಂದರೆ ಆಲ್ಟೊ ಸೇರಿಸಿ, ಕೊನೆಗೆ ಟೆನರ್. ಅರ್ಥವಾಗದ ಒಂದು ಮೇಳೈಕೆಯ, ಎಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪಿನ, ಮೇಲೆ ನಿಂತುಬಿಡಿ, ಬೆರಳು ಎತ್ತಿ ಹಿಡಿದು ಎಲ್ಲರೂ ಅದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ನಿಲ್ಲಿಸಿ. ಕಿವಿಗೆ ಒಮ್ಮೆ ರುಚಿ ಹತ್ತಿದರೆ ಮುಂದಿನ ಸಲ ಗಂಟಲು ತಾನೇ ಅಲ್ಲಿಗೆ ಹೋಗುತ್ತದೆ. ಇಷ್ಟಾದ ಮೇಲೆ ಸಾಹಿತ್ಯವನ್ನು ಸ್ವರವಿಲ್ಲದೆ, ಲಯದಲ್ಲಿ, ಮಾತಾಡಿಸಿ. ಕೊನೆಗೆ ಎರಡನ್ನೂ ಕೂಡಿಸಿ. ನಾಲ್ಕು ಬಾರ್‌ಗೆ ಹದಿನೈದು ನಿಮಿಷ ಹೋಗುತ್ತದೆ, ಹೋಗಲಿ.

ಐದು ಗೆರೆಗಳ ಸ್ಟಾಫ್ ನೊಟೇಷನ್ ಓದಲು ಬಾರದವರು ತಂಡದಲ್ಲಿದ್ದೇ ಇರುತ್ತಾರೆ. ಅವರಿಗೆ ಸರಿಗಮ ಬರೆದುಕೊಡಲು ನಾಚಬೇಕಾಗಿಲ್ಲ. ಇಂಗ್ಲೆಂಡಿನ ಸಾರಾ ಗ್ಲೋವರ್, ಜಾನ್ ಕರ್ವೆನ್ 19ನೆಯ ಶತಮಾನದಲ್ಲಿ ಸ್ವರಲಿಪಿ ಓದಲು ಬಾರದ ಜನರಿಗೆ ಕಲಿಸಲು ಬೆಳೆಸಿದ ಟಾನಿಕ್ ಸಾಲ್‌ಫಾ ಪದ್ಧತಿಯ ತಿರುಳೂ ಇದೇ, ಶ್ರುತಿ ಎಲ್ಲಿದ್ದರೂ ಆಧಾರ ಸ್ವರಕ್ಕೆ ಒಂದೇ ಹೆಸರು. ಮಿಜೋರಾಂನ ಗಾಯನವೃಂದಗಳು ಇಂದಿಗೂ ಅದರಲ್ಲೇ ಹಾಡುತ್ತವೆ.

ಕರ್ನಾಟಕ ಸಂಗೀತ ಕಲಿತವರು ಸಿಕ್ಕರೆ ಅದೃಷ್ಟ. ಶ್ರುತಿ, ಲಯ ಎರಡೂ ಗಟ್ಟಿ ಇರುತ್ತವೆ. ತೊಂದರೆ ಗಮಕದ್ದು. ಗಾಂಧಾರ ಕಂಡರೆ ಅವರಿಗೆ ತೂಗದೆ ಇರಲಾಗದು, ಪಕ್ಕದ ಮೂವರು ನೇರವಾಗಿ ನಿಂತಿರುವಾಗ ಒಬ್ಬರು ತೂಗಿದರೆ ಮೇಳೈಕೆ ಕಲಕಿದ ನೀರಿನಂತಾಗುತ್ತದೆ. ಗಮಕ ಬಿಡಿ ಎಂದರೆ ಅವರಿಗೆ ನೋವು. ಮೊದಲ ಪಾಠವಾದ ಸರಳೆವರಸೆ ಹಾಡುವಂತೆ ಹಾಡಿ ಎಂದರೆ ತಕ್ಷಣ ಅರ್ಥವಾಗುತ್ತದೆ. ಅವರಿಂದ ಕಲಿಯಬೇಕಾದ್ದೂ ಇದೆ. ತಂಡದ ಶ್ರುತಿ ಕುಸಿಯುತ್ತಿದ್ದರೆ ಮೊಬೈಲ್‌ನ ತಂಬೂರಿ ಆ್ಯಪ್ ಹಾಕಿ ಅದರ ಮೇಲೆ ನಿಧಾನವಾಗಿ ಹಾಡಿಸಿ. ಕೀಬೋರ್ಡ್‌ಗಿಂತ ಅದು ಒಳ್ಳೆಯ ಗುರು, ಯಾಕೆಂದರೆ ಕೀಬೋರ್ಡಿನ ಅಂತರ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳಿಸುವ ಗಾಂಧಾರಕ್ಕಿಂತ ಅರ್ಧ ಸ್ವರದ ನೂರು ಪಾಲಿನಲ್ಲಿ ಸುಮಾರು 14 ಪಾಲು ಮೇಲಿರುತ್ತದೆ. ಶ್ರುತಿ ಹೆಚ್ಚಾಗಿ ಕುಸಿಯುವುದು ಇಳಿಯುವ ಸ್ವರಗಳಲ್ಲಿ, ಒಂದೇ ಸ್ವರ ಮರುಕಳಿಸುವಲ್ಲಿ. ಇಳಿಯುವ ಮೆಟ್ಟಿಲು ಚಿಕ್ಕದಾಗಿರಲಿ, ಏರುವ ಮೆಟ್ಟಿಲು ದೊಡ್ಡದಾಗಿರಲಿ ಎಂದು ಹೇಳಿದರೆ ಸಾಕು.

ನಿಲ್ಲಿಸಿದಾಗ ಒಂದೇ ತಪ್ಪು ಹೇಳಿ. ‘ಆಲ್ಟೊ, 24ನೆಯ ಬಾರ್, ಮೂರನೆಯ ಎಣಿಕೆ, ಎಫ್ ಶಾರ್ಪ್ ಅಲ್ಲ, ಎಫ್’ ಎಂದು ಹೇಳಿ ಕೂಡಲೇ ಮತ್ತೆ ಹಾಡಿಸಿ. ಒಂದು ಭಾಗದವರೊಂದಿಗೆ ಐದು ನಿಮಿಷಕ್ಕಿಂತ ಹೆಚ್ಚು ಗುದ್ದಾಡುತ್ತಿದ್ದರೆ ಉಳಿದವರು ಮೊಬೈಲ್ ತೆಗೆದಿರುತ್ತಾರೆ. ಅಂಥದ್ದನ್ನು ಪ್ರತ್ಯೇಕ ಅಭ್ಯಾಸಕ್ಕೆ ಬಿಡಿ. ಐದನೆಯ ವಾರದಿಂದ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಅಲ್ಲೇ ಕೇಳಿಸಿ. ನಾನು ಹತ್ತು ಸಲ ಹೇಳಿದರೂ ನಂಬದ ಟೆನರ್‌ಗಳು ತಮ್ಮ ಧ್ವನಿ ಕೇಳಿ ಒಂದೇ ಸಲಕ್ಕೆ ತಿದ್ದಿಕೊಂಡಿದ್ದಾರೆ.

ಬ್ಯಾಂಡಿಗೂ ಇದೇ ಕ್ರಮ. ಆದರೆ ವಾದ್ಯ ಕೆಳಗಿಟ್ಟು ಹಾಡಿಸುವುದನ್ನು ಮರೆಯಬೇಡಿ. ಹಾಡಲು ಬಾರದ ಸಾಲನ್ನು ಬೆರಳು ಮಾತ್ರ ನುಡಿಸಿದರೆ ಅದು ಟೈಪಿಂಗ್. ಐವತ್ತು ಬಾರ್ ಸುಮ್ಮನಿದ್ದು ಒಂದು ಸಲ ಸಿಂಬಲ್ ಬಡಿಯಬೇಕಾದ ಹುಡುಗನಿಗೆ ಎಣಿಸುವ ಬದಲು ಕೇಳಲು ಕಲಿಸಿ, ‘ಟ್ರಂಪೆಟ್ ಶುರುವಾದ ಮೇಲೆ ನಾಲ್ಕು’ ಎಂದು ಅವನ ಹಾಳೆಯಲ್ಲಿ ಬರೆದುಕೊಡಿ.

ಕೊನೆಯ ವಾರ

ಹೊಸದೇನನ್ನೂ ಹೇಳಬೇಡಿ. ಒಮ್ಮೆಯಾದರೂ ಹಾಡುವ ಜಾಗದಲ್ಲೇ ಅಭ್ಯಾಸ ಇಟ್ಟುಕೊಳ್ಳಿ. ಕಲ್ಲಿನ ಗೋಡೆಯ ಎತ್ತರದ ಚರ್ಚಿನಲ್ಲಿ ಧ್ವನಿ ಬಹಳ ಹೊತ್ತು ಗುಂಯ್ಗುಡುತ್ತದೆ, ಅಲ್ಲಿ ವೇಗ ಕೊಂಚ ತಗ್ಗಬೇಕು, ವ್ಯಂಜನಗಳು ಚೂಪಾಗಬೇಕು. ಶಾಮಿಯಾನದ ಕೆಳಗಾದರೆ ಧ್ವನಿ ಬಟ್ಟೆಯೊಳಗೆ ಇಂಗಿಹೋಗುತ್ತದೆ, ಅಲ್ಲಿ ಎಳೆತ ಬೇಡ. ಪುಟ ಮಗುಚುವುದನ್ನೂ ಅಭ್ಯಾಸ ಮಾಡಿ. ಮೂವತ್ತು ಜನ ಒಟ್ಟಿಗೆ ಮಗುಚಿದರೆ ಆ ಸರಸರ ಸದ್ದಿಗೆ ಮೊಜಾರ್ಟ್ ಮುಳುಗಿಹೋಗುತ್ತಾನೆ. ಫ್ಯಾನ್ ಎಲ್ಲೆಲ್ಲಿದೆ ನೋಡಿಕೊಂಡು ಬ್ಯಾಂಡಿನವರ ಸ್ಟ್ಯಾಂಡ್‌ಗಳಿಗೆ ಬಟ್ಟೆ ಒಣಗಿಸುವ ಕ್ಲಿಪ್ ಹಂಚಿ. ಕೀಬೋರ್ಡ್ ಆದರೆ ಕರೆಂಟ್ ಹೋದಾಗ ಏನು ಎಂಬುದಕ್ಕೆ ಉತ್ತರ ಇರಲಿ. ನಾವು ಆ ದಿನ ಒಂದು ಸಲ ವಾದ್ಯವಿಲ್ಲದೆಯೇ ಹಾಡಿಕೊಳ್ಳುತ್ತೇವೆ.

ಕಾರ್ಯಕ್ರಮ ಮುಗಿದು ಕೇಕು, ಚಹಾ ಬರುವ ಮುಂಚೆಯೇ ಹಾಳೆಗಳನ್ನು ವಾಪಸು ಪಡೆಯಿರಿ, ಚಹಾ ಆದ ಮೇಲೆ ಅವು ಸಿಗುವುದಿಲ್ಲ. ಪ್ರತಿಯೊಂದಕ್ಕೂ ಸಂಖ್ಯೆ ಇದ್ದರೆ ಹನ್ನೊಂದು ಯಾರ ಮನೆಯಲ್ಲಿದೆ ಎಂದು ಕೇಳಬಹುದು. ಪೆನ್ಸಿಲ್ ಗುರುತುಗಳನ್ನು ಅಳಿಸಲು ಬಿಡಬೇಡಿ. ಮುಂದಿನ ವರ್ಷ ಆ ಕಟ್ಟು ಬಿಚ್ಚಿದಾಗ, ಉಸಿರು ಎಲ್ಲಿ, ಎಫ್ ಎಲ್ಲಿ, ಯಾವ ಸಾಲಿನಲ್ಲಿ ನಗಬಾರದು ಎಂಬುದೆಲ್ಲ ಅಲ್ಲೇ ಇರುತ್ತದೆ.